ಥಾರ್ ಮರಳುಗಾಡಿಗೆ ಹೊರಟಿದ್ದೀರಾ? ತಿಂಗಳು, ದಾರಿ, ನೀರು, ಒಂಟೆ: ಒಂದೊಂದಾಗಿ ನೋಡೋಣ

ರಾಜಸ್ಥಾನಕ್ಕೆ ಹೋಗುವವರ ಪ್ಲಾನ್ ಸಾಮಾನ್ಯವಾಗಿ ಹೀಗಿರುತ್ತದೆ. ಜೈಪುರಕ್ಕೆ ಎರಡು ದಿನ, ಉದಯಪುರಕ್ಕೆ ಎರಡು ದಿನ, ಜೋಧಪುರಕ್ಕೆ ಒಂದು ದಿನ. ಕೊನೆಗೆ ಜೈಸಲ್ಮೇರ್. ಅಲ್ಲಿ ಸಂಜೆ ಜೀಪಿನಲ್ಲಿ ಮರಳದಿಬ್ಬಕ್ಕೆ ಹೋಗಿ, ಹತ್ತು ನಿಮಿಷ ಒಂಟೆ ಮೇಲೆ ಕೂತು, ಮುಳುಗುವ ಸೂರ್ಯನ ಫೋಟೊ ತೆಗೆದು, ಕ್ಯಾಂಪಿನ ಡ್ಯಾನ್ಸ್ ನೋಡಿ ಬೆಳಿಗ್ಗೆ ವಾಪಸ್. ಅಷ್ಟು ದೂರ ಹೋಗಿ ಮರಳುಗಾಡಿಗೆ ಕೊಡುವುದು ಒಂದೇ ಒಂದು ಸಂಜೆ. ಇದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಥಾರ್ ನೋಡಬೇಕೆಂದರೆ ಅಲ್ಲಿಯವರ ದಿನಚರಿಗೆ ಹೊಂದಿಕೊಳ್ಳಬೇಕು. ಅವರು ಬೆಳಿಗ್ಗೆ ಬೇಗ ಕೆಲಸ ಮುಗಿಸುತ್ತಾರೆ. ಮಧ್ಯಾಹ್ನ ನೆರಳು ಸೇರುತ್ತಾರೆ. ಬಿಸಿಲು ಇಳಿದ ಮೇಲೆ ಮತ್ತೆ ಹೊರಬೀಳುತ್ತಾರೆ. ನೀರನ್ನು ಅಳೆದು ಬಳಸುತ್ತಾರೆ. ನೀವೂ ಇದೇ ಲೆಕ್ಕ ಹಿಡಿದರೆ ಅರ್ಧ ತೊಂದರೆ ಹತ್ತಿರ ಸುಳಿಯುವುದಿಲ್ಲ, ನೋಡಲು ಸಿಗುವುದೂ ಜಾಸ್ತಿ. ಜೈಸಲ್ಮೇರ್ ಪಟ್ಟಣವನ್ನೇ ಠಿಕಾಣಿ ಮಾಡಿಕೊಂಡು ಕನಿಷ್ಠ ಮೂರು ಹಗಲು, ಎರಡು ರಾತ್ರಿ ಇಟ್ಟುಕೊಳ್ಳಿ. ಅದರಲ್ಲಿ ಒಂದು ರಾತ್ರಿ ಪಟ್ಟಣದ ಹೊರಗೆ, ಮರಳಿನ ಮೇಲೆ ಕಳೆಯಬೇಕು.

1. ಮೊದಲು ತಿಂಗಳು, ಆಮೇಲೆ ಟಿಕೆಟ್

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಹಗಲು ಹಿತವಾದ ಬಿಸಿಲು, ರಾತ್ರಿ ಕೊರೆಯುವ ಚಳಿ. ಡಿಸೆಂಬರ್ ಕೊನೆಯ ವಾರ ಮತ್ತು ಹೊಸ ವರ್ಷದ ಮೊದಲ ದಿನಗಳನ್ನು ಮಾತ್ರ ಬಿಟ್ಟುಬಿಡಿ. ಆಗ ರೂಮು ಸಿಗುವುದು ಕಷ್ಟ, ದರ ವಿಪರೀತ, ದಿಬ್ಬಗಳ ಮೇಲೆ ಜನಜಾತ್ರೆ. ಜನವರಿ ನಡುವಿನಿಂದ ಫೆಬ್ರವರಿ ನನ್ನ ಆಯ್ಕೆ. ನಮ್ಮ ಭಾರತ ಹುಣ್ಣಿಮೆಗೆ ಮುಗಿಯುವ ಹಾಗೆ ಅಲ್ಲಿ ಮೂರು ದಿನ ಮರು ಮಹೋತ್ಸವ ನಡೆಯುತ್ತದೆ. ಪೇಟ ಕಟ್ಟುವ ಸ್ಪರ್ಧೆ, ಒಂಟೆ ಓಟ, ಹಾಡು ಎಲ್ಲ ಇರುತ್ತದೆ. ಗದ್ದಲ ಇಷ್ಟ ಇದ್ದರೆ ಆ ದಿನಗಳನ್ನು ಹಿಡಿಯಿರಿ, ಇಲ್ಲದಿದ್ದರೆ ತಪ್ಪಿಸಿ.

ಏಪ್ರಿಲ್‌ನಿಂದ ಜೂನ್ ಬೇಡವೇ ಬೇಡ. ಜೋಧಪುರ–ಜೈಸಲ್ಮೇರ್ ದಾರಿಯಲ್ಲೇ ಇರುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಆ ತಿಂಗಳುಗಳಲ್ಲಿ ಬೀಸುವ ಬಿಸಿಗಾಳಿಗೆ ಅಲ್ಲಿ ‘ಲೂ’ ಎನ್ನುತ್ತಾರೆ. ಊರಿನವರೇ ಹೊರಗೆ ಬರುವುದಿಲ್ಲ. ಶಾಲೆಗೆ ರಜೆ ಇದೆ ಎಂದು ಮಕ್ಕಳನ್ನು ಕರೆದುಕೊಂಡು ಮೇ ತಿಂಗಳಲ್ಲಿ ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಆ ರಜೆಗೆ ಬೇರೆ ಊರು ನೋಡಿ.

ಮಳೆಗಾಲದ ಬಗ್ಗೆ ಒಂದು ಮಾತು. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಒಂದೇ ದಿನಕ್ಕೆ ಅಷ್ಟು ಸುರಿಯುವುದುಂಟು. ಆ ಪುಟ್ಟ ಮಳೆಗೇ ಸೇವಣ್ ಹುಲ್ಲು ಎದ್ದು ನಿಂತು ಬಯಲು ಹಸಿರಾಗುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಆ ನೋಟ ಸಿಗಬಹುದು, ಸೆಕೆಯೂ ಸಿಗುತ್ತದೆ. ಭಾದ್ರಪದದಲ್ಲಿ ಪೋಕರಣ ಹತ್ತಿರದ ರಾಮದೇವರಾ ಊರಿನ ಜಾತ್ರೆ. ಆಗ ಹೆದ್ದಾರಿ ಉದ್ದಕ್ಕೂ ಬಾವುಟ ಹಿಡಿದು ನಡೆದು ಹೋಗುವ ಭಕ್ತರೇ ಭಕ್ತರು. ಡ್ರೈವರ್‌ಗೆ ನಿಧಾನ ಹೋಗಲು ಹೇಳಿ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆಗೆದು ಚಂದ್ರನನ್ನೂ ನೋಡಿಕೊಳ್ಳಿ. ನಕ್ಷತ್ರ ನೋಡುವ ಆಸೆ ಇದ್ದರೆ ಅಮಾವಾಸ್ಯೆಯ ಹಿಂದೆ ಮುಂದೆ ಹೋಗಿ. ರಾತ್ರಿ ಮರಳಲ್ಲಿ ನಡೆದಾಡುವ ಆಸೆ ಇದ್ದರೆ ಹುಣ್ಣಿಮೆ ಹತ್ತಿರ. ಎರಡೂ ಒಟ್ಟಿಗೆ ಸಿಗುವುದಿಲ್ಲ.

2. ತಲುಪುವುದು ಹೇಗೆ

ಬೆಂಗಳೂರಿನಿಂದ ಜೋಧಪುರಕ್ಕೆ ನೇರ ರೈಲುಗಳಿವೆ. ಹುಬ್ಬಳ್ಳಿ ಮೇಲೆ ಹೋಗುವುದೂ ಇದೆ. ಎರಡು ರಾತ್ರಿ ರೈಲಲ್ಲೇ ಕಳೆಯಬೇಕು. ಸಮಯ ಇದ್ದರೆ ಈ ರೈಲನ್ನೇ ಹಿಡಿಯಿರಿ ಎನ್ನುತ್ತೇನೆ. ಚಿಕ್ಕಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಅಂಗಡಿ ಇಟ್ಟು, ಪಾಲಿ, ಜಾಲೋರ್, ಬಾಡಮೇರ್ ಕಡೆಯ ತಮ್ಮ ಊರಿಗೆ ಹೋಗಿಬರುವ ಮಾರವಾಡಿ ಕುಟುಂಬಗಳು ಇದರಲ್ಲಿ ತುಂಬಿರುತ್ತವೆ. ಎಷ್ಟೋ ಜನ ಸೊಗಸಾಗಿ ಕನ್ನಡ ಮಾತಾಡುತ್ತಾರೆ. ಯಾವ ಊರಲ್ಲಿ ಏನು ತಿನ್ನಬೇಕು, ಯಾವ ದಾರಿ ಕೆಟ್ಟಿದೆ ಎಂಬುದನ್ನೆಲ್ಲ ಅವರ ಬಾಯಲ್ಲೇ ಕೇಳಬಹುದು. ಮನೆಯಿಂದ ತಂದ ಬುತ್ತಿಯನ್ನೂ ಹಂಚಿಕೊಳ್ಳುತ್ತಾರೆ.

ವಿಮಾನದಲ್ಲಾದರೆ ಜೋಧಪುರದವರೆಗೆ ಹೋಗಿ. ಜೈಸಲ್ಮೇರ್‌ಗೇ ಚಳಿಗಾಲದಲ್ಲಿ ಕೆಲವು ವಿಮಾನಗಳು ಹೋಗುತ್ತವೆ, ಆದರೆ ವೇಳಾಪಟ್ಟಿ ವರ್ಷ ವರ್ಷ ಬದಲಾಗುತ್ತದೆ.

ಜೋಧಪುರದಿಂದ ಜೈಸಲ್ಮೇರ್ ರಸ್ತೆಯಲ್ಲಿ ಸುಮಾರು ಐದು ಗಂಟೆಯ ದಾರಿ. ರಾತ್ರಿ ರೈಲಿನಲ್ಲಿ ಮಲಗಿಕೊಂಡು ಹೋಗುವುದು ಸುಲಭ, ಆದರೂ ಒಂದು ಕಡೆಗಾದರೂ ಹಗಲಲ್ಲಿ ಹೋಗಿ. ಹೊಲಗಳು ತೆಳ್ಳಗಾಗಿ, ಮರಗಳು ಗಿಡ್ಡವಾಗಿ, ಕಲ್ಲು ಬಯಲು ಶುರುವಾಗುವುದನ್ನು ಕಣ್ಣಾರೆ ನೋಡಬಹುದು. ಹೊಲದ ನಡುವೆ ಅಲ್ಲಲ್ಲಿ ನಿಂತಿರುವ ಮರ ಖೇಜಡಿ. ಅದು ನಮ್ಮ ಬನ್ನಿ ಮರವೇ. ವಿಜಯದಶಮಿಗೆ ನಾವು ಪೂಜಿಸಿ ಎಲೆ ಹಂಚುವ ಅದೇ ಜಾತಿ, ಅಲ್ಲಿ ರಾಜ್ಯದ ಮರ. ಎಲೆ ಆಡು ಒಂಟೆಗಳಿಗೆ ಮೇವು, ಕಾಯಿ ಜನರಿಗೆ ಪಲ್ಯ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿಯಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾ ದೇವಿಯೊಂದಿಗೆ 363 ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಕೊಟ್ಟರು. ಜೋಧಪುರದಲ್ಲಿ ಅರ್ಧ ದಿನ ಉಳಿದರೆ ಆ ಊರಿಗೆ ಹೋಗಿ ಬನ್ನಿ.

ದಾರಿಯಲ್ಲಿ ಫಲೋದಿಯಲ್ಲಿ ಇಳಿಯಲು ಆದರೆ ಪಕ್ಕದ ಖೀಚನ್ ಹಳ್ಳಿಗೆ ಹೋಗಿ. ಚಳಿಗಾಲದಲ್ಲಿ ಮಂಗೋಲಿಯಾ, ಮಧ್ಯ ಏಷ್ಯಾದಿಂದ ಸಾವಿರಾರು ಕುರ್ಜಾ ಹಕ್ಕಿಗಳು (ಡೆಮೊಸೆಲ್ ಕ್ರೇನ್) ಬಂದು ಇಳಿಯುತ್ತವೆ. ಊರವರು ದಿನಾ ಕಾಳು ಹಾಕುತ್ತಾರೆ. ಬೆಳಿಗ್ಗೆ ಹೊತ್ತಿಗೆ ಅಲ್ಲಿರಬೇಕು.

3. ಬ್ಯಾಗಿನಲ್ಲಿ ಏನಿರಬೇಕು

ತೋಳು ಮುಚ್ಚುವ ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ, ತಂಪು ಕನ್ನಡಕ, ದೊಡ್ಡದೊಂದು ಹತ್ತಿ ಟವೆಲ್ ಅಥವಾ ದುಪಟ್ಟಾ. ಗಾಳಿ ಎದ್ದಾಗ ಮೂಗು ಬಾಯಿ ಮುಚ್ಚಲು ಟವೆಲ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಡಿಸೆಂಬರ್, ಜನವರಿಯಲ್ಲಿ ದಪ್ಪ ಜಾಕೆಟ್, ಕಿವಿ ಮುಚ್ಚುವ ಟೋಪಿ, ಒಳಗೆ ಹಾಕುವ ಥರ್ಮಲ್ ಬೇಕೇ ಬೇಕು. ಮರಳುಗಾಡು ಅಂದರೆ ಬಿಸಿ ಎಂದುಕೊಂಡು ಬರೀ ಟೀ ಶರ್ಟ್ ಹಾಕಿ ಹೋದವರು ರಾತ್ರಿ ನಡುಗುತ್ತಾ ಕೂರುವುದನ್ನು ನೋಡಿದ್ದೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕ ಇಟ್ಟುಕೊಳ್ಳಿ. ತುಟಿಗೆ ಹಚ್ಚುವ ಬಾಮ್, ಮಾಯಿಶ್ಚರೈಸರ್ ಮರೆಯಬೇಡಿ. ಕ್ಯಾಮೆರಾಗೆ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ, ಟಾರ್ಚ್, ಪವರ್ ಬ್ಯಾಂಕ್, ಒಂದಷ್ಟು ನಗದು.

ಇನ್ನೊಂದು ಪುಟ್ಟ ವಸ್ತು: ಕೂದಲು ಕೀಳುವ ಚಿಮುಟ. ಥಾರ್‌ನಲ್ಲಿ ಭುರಟ್ ಎಂಬ ಹುಲ್ಲು ಬೆಳೆಯುತ್ತದೆ. ಮಳೆಗಾಲ ಮುಗಿದ ಮೇಲೆ ಅದರ ತುದಿಯಲ್ಲಿ ಕಡಲೆಗಿಂತ ಚಿಕ್ಕ ಮುಳ್ಳಿನ ಉಂಡೆಗಳು ಮೂಡುತ್ತವೆ. ಒಂದೊಂದರಲ್ಲೂ ಸೂಜಿಯಷ್ಟು ಚೂಪಾದ ಹತ್ತಾರು ಮುಳ್ಳು. ಕಾಲುಚೀಲ, ಉಣ್ಣೆ ಬಟ್ಟೆ, ಶೂ ಲೇಸಿಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ಬೆರಳಲ್ಲಿ ಕಿತ್ತರೆ ಮುಳ್ಳು ಬೆರಳೊಳಗೆ ಮುರಿದು ಕೂರುತ್ತದೆ. ಅಲ್ಲಿನ ಕುರಿಗಾಹಿಗಳು ಹಿಂದಿನಿಂದಲೂ ಪುಟ್ಟ ಚಿಮುಟ ಇಟ್ಟುಕೊಂಡೇ ಓಡಾಡುತ್ತಿದ್ದರು. ಬರಗಾಲದಲ್ಲಿ ಇದೇ ಹುಲ್ಲಿನ ಬೀಜ ಕುಟ್ಟಿ ರೊಟ್ಟಿ ಮಾಡಿ ತಿಂದದ್ದೂ ಉಂಟು. ಹಾಗಾಗಿ ಉಣ್ಣೆಯ ಕಾಲುಚೀಲ ಬೇಡ, ನುಣುಪಾದ ಬಟ್ಟೆಯ ಪ್ಯಾಂಟ್ ಹಾಕಿ. ಪಾದ ಪೂರ್ತಿ ಮುಚ್ಚುವ ಶೂ ಇರಲಿ.

4. ಮೊದಲ ದಿನ ಪಟ್ಟಣದಲ್ಲೇ ಇರಿ

ರೈಲಿಳಿದ ಕೂಡಲೇ ದಿಬ್ಬಕ್ಕೆ ಓಡಬೇಡಿ. ಒಂದು ದಿನ ಮೈ ಆ ಒಣ ಗಾಳಿಗೆ ಒಗ್ಗಲಿ. ನೋಡಲು ಪಟ್ಟಣದಲ್ಲೇ ಸಾಕಷ್ಟಿದೆ. ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಕೋಟೆ ಊರಿನ ನಡುವೆ ಗುಡ್ಡದ ಮೇಲಿದೆ. ಅದರೊಳಗೆ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ. ಹಳದಿ ಮರಳುಗಲ್ಲು, ಸಂಜೆ ಬಿಸಿಲಿಗೆ ಹೊನ್ನಿನ ಬಣ್ಣ. 2013ರಲ್ಲಿ ರಾಜಸ್ಥಾನದ ಬೆಟ್ಟದ ಕೋಟೆಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಒಳಗಿನ ಜೈನ ಬಸದಿಗಳ ಕೆತ್ತನೆ ನೋಡಲು ಬೆಳಿಗ್ಗೆಯೇ ಹೋಗಿ.

ಉಳಿಯುವ ರೂಮು ಮಾತ್ರ ಕೋಟೆ ಹೊರಗೆ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಮಳೆ ಕಡಿಮೆ ಇರುವ ಊರಿಗೆಂದು ಕಟ್ಟಿದ ಕೋಟೆ ಅದು. ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದ ಮನೆಗಳು. ಈಗ ಹೋಟೆಲುಗಳ ಬಾತ್‌ರೂಮಿನ ನೀರು ಬುಡಕ್ಕೆ ಇಳಿದು ಅಡಿಪಾಯ ಸಡಿಲವಾಗಿದೆ, ಗೋಡೆಗಳು ಕುಸಿದಿವೆ. ಕೋಟೆ ಒಳಗೆ ಓಡಾಡಿ, ತಿನ್ನಿ, ಅಲ್ಲಿನವರ ಅಂಗಡಿಯಲ್ಲಿ ಕೊಳ್ಳಿ. ಸ್ನಾನ ಕೆಳಗೆ ಮಾಡಿ.

ಸಂಜೆ ಗಡೀಸರ್ ಕೆರೆ ದಂಡೆಗೆ ಹೋಗಿ. 14ನೇ ಶತಮಾನದಲ್ಲಿ ರಾವಲ್ ಗಡಸಿ ಅದನ್ನು ಕಟ್ಟಿಸಿದ. ಬಹಳ ಕಾಲ ಇಡೀ ಊರು ಕುಡಿದದ್ದು ಅಲ್ಲಿಯ ನೀರನ್ನೇ. ಹಳೆಯ ವ್ಯಾಪಾರಿ ಮನೆತನದ ಕೆತ್ತನೆಯ ಮಹಲು ಪಟವೋಂ ಕೀ ಹವೇಲಿ ಸಹ ಅದೇ ದಿನ ಮುಗಿಯುತ್ತದೆ.

5. ಮೈಗೆ ನೀರು, ಊರಿನ ನೀರು

ಒಣ ಹವೆಯಲ್ಲಿ ಬೆವರು ಬಂದ ಕ್ಷಣವೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದೇ ಇಲ್ಲ. ಮಂಗಳೂರು, ಕಾರವಾರ ಕಡೆಯವರಿಗೆ ಇದು ತೀರಾ ಹೊಸತು. ಬೆವರೇ ಇಲ್ಲ, ನೀರು ಯಾಕೆ ಎನ್ನಿಸುತ್ತದೆ. ಅಲ್ಲೇ ಅಪಾಯ. ಚಳಿಗಾಲದಲ್ಲೂ ದಿನಕ್ಕೆ ಮೂರು ಲೀಟರ್ ಕುಡಿಯಿರಿ. ಬಿಸಿಲು ಜಾಸ್ತಿ ಇದ್ದು ನಡೆದಾಡುವುದಿದ್ದರೆ ನಾಲ್ಕೈದು ಲೀಟರ್. ಒಂದೇ ಸಲ ಗಟಗಟ ಬೇಡ, ಆಗಾಗ ಸ್ವಲ್ಪ ಸ್ವಲ್ಪ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ.

ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಅಲ್ಲಿ ಊಟದ ಜೊತೆ ಸಿಗುವ ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ.

ತಲೆನೋವು, ಸುಸ್ತು, ವಾಕರಿಕೆ ಬಂದರೆ ತಕ್ಷಣ ನೆರಳಿಗೆ ಬಂದು ಬಟ್ಟೆ ಸಡಿಲ ಮಾಡಿ ನೀರು ಕುಡಿಯಬೇಕು. ಮಾತು ತೊದಲುವುದು, ಎಲ್ಲಿದ್ದೇವೆಂದು ಗೊತ್ತಾಗದಿರುವುದು, ಮೈ ಕಾದ ಹಾಗೆ ಬಿಸಿಯಾಗುವುದು ಕಂಡರೆ ಅದು ಹೀಟ್ ಸ್ಟ್ರೋಕ್. ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸಿ, ಹಾಗೇ 108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆ ಜೈಸಲ್ಮೇರ್ ಪಟ್ಟಣದಲ್ಲಿದೆ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನು ಊರಿನ ನೀರಿನ ವಿಚಾರ. ಹಳ್ಳಿಗಳಲ್ಲಿ ಮನೆ ಹತ್ತಿರ ನೆಲಮಟ್ಟದಲ್ಲಿ ಗುಂಡಗಿನ ಕಟ್ಟೆ, ಮೇಲೆ ಸಣ್ಣ ಮುಚ್ಚಳ ಕಾಣುತ್ತದೆ. ಅದು ಟಾಂಕಾ. ಕೆಳಗೆ ತೊಟ್ಟಿ ಇದೆ. ಸುತ್ತಲಿನ ನೆಲವನ್ನು ಅದರ ಕಡೆಗೆ ಇಳಿಜಾರಾಗಿ ಗಟ್ಟಿ ಮಾಡಿರುತ್ತಾರೆ. ಬುಡದಲ್ಲಿ ಪುಟ್ಟ ಪುಟ್ಟ ತೂತು. ಬಿದ್ದ ಮಳೆಯೆಲ್ಲ ಆ ತೂತಿನಿಂದ ಒಳಗೆ. ಆ ಇಳಿಜಾರಿನ ನೆಲಕ್ಕೆ ‘ಆಗೋರ್’ ಎನ್ನುತ್ತಾರೆ. ಸುಮ್ನೆ ಖಾಲಿ ಜಾಗ ಎಂದುಕೊಂಡು ಅದರ ಮೇಲೆ ಚಪ್ಪಲಿಯಲ್ಲಿ ನಡೆಯುವುದು, ಉಗಿಯುವುದು, ಮಕ್ಕಳನ್ನು ಮೂತ್ರಕ್ಕೆ ಕೂರಿಸುವುದು ಮಾಡಬೇಡಿ. ಅಲ್ಲಿ ಬೀಳುವುದೆಲ್ಲ ಅವರ ಕುಡಿಯುವ ನೀರಿಗೆ ಹೋಗುತ್ತದೆ. ಯಾರ ಮನೆಗೆ ಹೋದರೂ ಮೊದಲು ನೀರು ಕೊಡುತ್ತಾರೆ. ಬೇಕಾದಷ್ಟೇ ಹಾಕಿಸಿಕೊಳ್ಳಿ, ಲೋಟದಲ್ಲಿ ಉಳಿಸಿ ಚೆಲ್ಲಬೇಡಿ.

ಕ್ಯಾಂಪಿನಲ್ಲೂ ಅಷ್ಟೇ. ಈಜುಕೊಳ ಇರುವ ಕ್ಯಾಂಪುಗಳೂ ಈಗ ಬಂದಿವೆ. ಮರಳುಗಾಡಿಗೆ ಹೋಗಿ ಈಜುಕೊಳ ಯಾಕೆ? ಬಕೆಟ್‌ನಲ್ಲಿ ಬಿಸಿನೀರು ಕೊಡುವ ಜಾಗ ಸಾಕು.

6. ಯಾವ ದಿಬ್ಬ?

ಜೈಸಲ್ಮೇರ್ ಸುತ್ತ ಬಹುಪಾಲು ಕಲ್ಲು, ಜಲ್ಲಿ, ಕುರುಚಲು ಬಯಲು. ಫೋಟೊಗಳಲ್ಲಿ ಕಾಣುವ ದಿಬ್ಬಗಳು ಅಲ್ಲಲ್ಲಿ ಮಾತ್ರ. ಅಲ್ಲಿನ ಭಾಷೆಯಲ್ಲಿ ಅವು ‘ಧೋರಾ’. ಎಲ್ಲರೂ ಹೋಗುವುದು ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಿಗೆ. ದಿಬ್ಬ ಚೆನ್ನಾಗಿಯೇ ಇದೆ. ಆದರೆ ಸೀಸನ್‌ನಲ್ಲಿ ಸಾಲುಸಾಲು ಕ್ಯಾಂಪು, ಜೀಪಿನ ಸದ್ದು, ತಡರಾತ್ರಿವರೆಗೆ ಡಿಜೆ. ವಯಸ್ಸಾದವರು ಜೊತೆಗಿದ್ದು ರಸ್ತೆ, ಶೌಚಾಲಯ ಹತ್ತಿರ ಬೇಕೆಂದರೆ ಸಮ್ ಅನುಕೂಲ. ಇಲ್ಲದಿದ್ದರೆ ನೈಋತ್ಯಕ್ಕಿರುವ ಖುರಿ ಹಳ್ಳಿ ನೋಡಿ. ಅಥವಾ ಒಳಗಿನ ಢಾಣಿಗಳಲ್ಲಿ, ಅಂದರೆ ನಾಲ್ಕಾರು ಮನೆಗಳ ಪುಟ್ಟ ಊರುಗಳಲ್ಲಿ, ಮನೆಯವರೇ ನಡೆಸುವ ಜಾಗ ಹುಡುಕಿ. ಬುಕ್ ಮಾಡುವ ಮೊದಲು ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು: ರಾತ್ರಿ ಸ್ಪೀಕರ್ ಹಾಕುತ್ತೀರಾ? ಮಲಗುವುದು ಟೆಂಟಿನಲ್ಲೋ ಬಯಲಲ್ಲೋ? ಒಂಟೆ ಸವಾರಿ ಎಷ್ಟು ಹೊತ್ತು? ರಜಾಯಿ ಎಷ್ಟು ಕೊಡುತ್ತೀರಿ?

ಜೀಪ್ ಹಾರಿಸುವ ಆಟವನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಲ್ಟ್ ಇಲ್ಲದೆ ಹಿಂದೆ ನಿಲ್ಲಿಸಿ ದಿಬ್ಬ ಹತ್ತಿಳಿಸುತ್ತಾರೆ. ಗಾಡಿ ಮಗುಚುತ್ತದೆ. ದಿಬ್ಬದ ಗಿಡ, ಹುಲ್ಲೂ ಹಾಳು.

ನಡೆಯುವುದಕ್ಕೂ ಒಂದು ಉಪಾಯವಿದೆ. ಗಾಳಿ ಬೀಸಿ ಬರುವ ಕಡೆ ದಿಬ್ಬದ ಇಳಿಜಾರು ಕಡಿಮೆ, ಮರಳು ಗಟ್ಟಿ, ಮೇಲೆ ಅಲೆಯ ಗೆರೆಗಳು. ಆ ಕಡೆಯಿಂದ ಹತ್ತಿ. ಇನ್ನೊಂದು ಕಡೆ ಕಡಿದಾಗಿರುತ್ತದೆ, ಕಾಲಿಟ್ಟರೆ ಮರಳು ಜಾರುತ್ತದೆ. ಆ ಕಡೆ ಹತ್ತಲು ಹೋದರೆ ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದೆ. ಇಳಿಯಲು ಮಾತ್ರ ಅದು ಮಕ್ಕಳಿಗೆ ಖುಷಿ. ಒಬ್ಬರೇ ದೂರ ಹೋಗಬೇಡಿ. ಗಾಳಿ ಎದ್ದರೆ ನಿಮ್ಮ ಹೆಜ್ಜೆ ಗುರುತೇ ಉಳಿಯುವುದಿಲ್ಲ. ಆಗಾಗ ಹಿಂತಿರುಗಿ ನೋಡಿ ಗುರುತು ಇಟ್ಟುಕೊಳ್ಳಿ. ದಾರಿ ತಪ್ಪಿತು ಅನ್ನಿಸಿದರೆ ಅಲ್ಲೇ ನಿಲ್ಲಿ. ಗಾಡಿ ಕೆಟ್ಟು ನಿಂತರೂ ಗಾಡಿ ಬಿಟ್ಟು ಹೋಗಬೇಡಿ, ಹುಡುಕುವವರಿಗೆ ಮೊದಲು ಕಾಣುವುದು ಗಾಡಿಯೇ.

7. ಒಂಟೆ

2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯ ಪ್ರಾಣಿಯಾಗಿ ಘೋಷಿಸಿತು. ಹಾಗಿದ್ದೂ ಅವುಗಳ ಸಂಖ್ಯೆ ಇಳಿಯುತ್ತಲೇ ಬಂದಿದೆ, ಸಾಕುವವರಿಗೆ ಅದರಿಂದ ಬರುವ ಆದಾಯ ಕಡಿಮೆ. ಹಾಗಾಗಿ ಒಳ್ಳೆಯ ರೀತಿಯಲ್ಲಿ ಮಾಡುವ ಸವಾರಿಯಿಂದ ಒಂದು ಮನೆಗೆ ನಿಜವಾದ ಆಸರೆ ಸಿಗುತ್ತದೆ. ಹತ್ತುವ ಮೊದಲು ಪ್ರಾಣಿಯನ್ನು ಒಮ್ಮೆ ಸುತ್ತಿ ನೋಡಿ. ಬೆನ್ನಿನ ಮೇಲೆ, ಮೂಗಿನ ಗೂಟದ ಹತ್ತಿರ ಹುಣ್ಣು ಇದ್ದರೆ, ಕುಂಟುತ್ತಿದ್ದರೆ, ಬೇರೆ ಒಂಟೆ ಕೇಳಿ. ಇಬ್ಬರು ದೊಡ್ಡವರು ಒಂದೇ ಒಂಟೆ ಹತ್ತಬೇಡಿ.

ಒಂಟೆಯವರನ್ನು ‘ಭಾಯಿಸಾ’ ಎಂದು ಕರೆಯಿರಿ. ‘ಖಮ್ಮಾ ಘಣೀ’ ಎಂದೋ ‘ರಾಮ್ ರಾಮ್ ಸಾ’ ಎಂದೋ ಹೇಳಿದರೆ ಮುಖ ಅರಳುತ್ತದೆ. ಗಡಿ ಕಡೆಯ ಎಷ್ಟೋ ಊರುಗಳಲ್ಲಿ ಸಿಂಧಿ ಮುಸಲ್ಮಾನರಿದ್ದಾರೆ, ಅಲ್ಲಿ ಸಲಾಂ. ಹಿಂದಿ ಎಲ್ಲರಿಗೂ ಬರುತ್ತದೆ.

ಅವರು ‘ಝೇ ಝೇ’ ಎಂದರೆ ಒಂಟೆ ಕೂರುತ್ತದೆ. ನೀವು ತಡಿ ಮೇಲೆ ಕೂತು ಮುಂದಿನ ಹಿಡಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಏಳುವಾಗ ಒಂಟೆ ಮೊದಲು ಹಿಂಗಾಲು ಎತ್ತುತ್ತದೆ. ನೀವು ದಡಕ್ಕನೆ ಮುಂದಕ್ಕೆ ಬಾಗುತ್ತೀರಿ. ಆದ್ದರಿಂದ ಮೊದಲೇ ಹಿಂದಕ್ಕೆ ವಾಲಿರಬೇಕು. ಮರುಕ್ಷಣ ಮುಂಗಾಲು ಎತ್ತುತ್ತದೆ, ಆಗ ನೇರವಾಗಿ. ಕೂರುವಾಗ ಮೊದಲು ಮುಂಗಾಲು ಮಡಚುತ್ತದೆ, ಆಗಲೂ ಹಿಂದಕ್ಕೆ ವಾಲಿ. ಬೀಳುವವರೆಲ್ಲ ಬೀಳುವುದು ಈ ಎರಡು ಗಳಿಗೆಯಲ್ಲೇ. ನಡೆಯುವಾಗ ಸೊಂಟ ಬಿಗಿ ಹಿಡಿಯದೆ ಅದರ ತೂಗಾಟಕ್ಕೆ ಬಿಡಿ. ಚಡ್ಡಿ ಹಾಕಿ ಹತ್ತಿದರೆ ತೊಡೆ ಒಳಗೆ ತರಚುತ್ತದೆ. ಮೊದಲ ಸಲಕ್ಕೆ ಒಂದೂವರೆ ಗಂಟೆ ಸಾಕು. ಮಧ್ಯೆ ಇಳಿದು ಅದರ ಪಕ್ಕದಲ್ಲೇ ನಡೆಯಿರಿ. ಒಂಟೆಯವರು ಮಾತಿಗೆ ಸಿಗುವುದು ಆಗಲೇ. ಯಾವ ಗಿಡ ಒಂಟೆಗೆ ಇಷ್ಟ, ಎಕ್ಕವನ್ನು ಯಾವ ಪ್ರಾಣಿ ಮುಟ್ಟುತ್ತದೆ, ಬಳ್ಳಾರಿ ಜಾಲಿ ಬಂದು ಏನಾಯಿತು ಎಲ್ಲ ಹೇಳುತ್ತಾರೆ.

8. ಮರಳಿನ ಮೇಲೆ ಒಂದು ರಾತ್ರಿ

ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಮರಳು ತಣ್ಣಗಾಗುತ್ತದೆ. ಮೋಡ ಇಲ್ಲ, ತೇವ ಇಲ್ಲ, ನೆಲದ ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ. ಚಳಿ ಅತಿ ಹೆಚ್ಚಿರುವುದು ಬೆಳಗಿನ ಜಾವ. ಮಲಗುವಾಗ ಸಾಕು ಅನ್ನಿಸಿದರೂ ಇನ್ನೊಂದು ರಜಾಯಿ ಪಕ್ಕದಲ್ಲಿಟ್ಟುಕೊಳ್ಳಿ. ಕೆಲವು ರಾತ್ರಿ ಇಬ್ಬನಿ ಬಿದ್ದು ಹೊದಿಕೆ ಒದ್ದೆಯಾಗುತ್ತದೆ, ಫೋನು ಕ್ಯಾಮೆರಾ ಹೊದಿಕೆ ಒಳಗಿರಲಿ.

ಮಂಚ ಕೊಡಿ ಎಂದು ಕೇಳಿ. ನೆಲದಲ್ಲಿ ಮಲಗುವುದು ಬೇಡ. ಈ ಸೀಮೆಯಲ್ಲಿ ಗರಗಸ ಮಂಡಲದ ಹಾವು ಇದೆ, ಚಿಕ್ಕದು, ವಿಷ ಜೋರು. ಗಟ್ಟಿ ಚಳಿಯಲ್ಲಿ ಹೊರಗೆ ಬರುವುದು ಅಪರೂಪ. ಅಕ್ಟೋಬರ್, ಮಾರ್ಚ್‌ನ ಬೆಚ್ಚನೆ ರಾತ್ರಿಗಳಲ್ಲಿ ಎಚ್ಚರ. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ, ಟಾರ್ಚ್ ಹಿಡಿದೇ ಹೋಗಿ, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಕುಯ್ಯುವುದು, ಕಟ್ಟುವುದು ಬೇಡ, ಕಾಲು ಅಲುಗದ ಹಾಗೆ ಇಟ್ಟು ನೇರ ಆಸ್ಪತ್ರೆಗೆ.

ಹಾಡು ಕೇಳುವ ಅವಕಾಶ ಬಿಡಬೇಡಿ. ಮಾಂಗಣಿಯಾರ್ ಎಂಬ ಮುಸಲ್ಮಾನ ಹಾಡುಗಾರರು ತಲೆಮಾರುಗಳಿಂದ ರಜಪೂತ ಮನೆಗಳ ಹುಟ್ಟು, ಮದುವೆಗೆ ಹಾಡಿಕೊಂಡು ಬಂದವರು. ಕೃಷ್ಣನ ಮೇಲೂ ಹಾಡುತ್ತಾರೆ, ಸೂಫಿ ಪದವನ್ನೂ ಹಾಡುತ್ತಾರೆ. ಕಮಾಯಚಾ ಅವರ ವಾದ್ಯ: ಅಗಲವಾದ ಗುಂಡು ಹೊಟ್ಟೆ, ಮೇಲೆ ಆಡಿನ ಚರ್ಮ, ಕಮಾನಿನಿಂದ ನುಡಿಸುವುದು. ಖಡತಾಲ್ ಅಂದರೆ ಕೈಗೆ ಎರಡರಂತೆ ನಾಲ್ಕು ಮರದ ಚಕ್ಕೆ, ಅಷ್ಟೇ. ಅದರಲ್ಲೇ ಮಳೆ ಸುರಿದ ಹಾಗೆ ತಾಳ ಬರುತ್ತದೆ. ಸಿನಿಮಾ ಹಾಡು ಕೇಳಬೇಡಿ, ಹಳೆಯದನ್ನು ಹಾಡಿ ಎನ್ನಿ. ಮೈಕ್ ಇಲ್ಲದೆ ಹತ್ತಿರ ಕೂತು ಕೇಳಿ. ಹಣವನ್ನು ಅವರ ಕೈಗೇ ಕೊಡಿ.

ಊಟ ಮುಗಿದು ಬೆಂಕಿ ಆರಿದ ಮೇಲೆ ಎಲ್ಲ ದೀಪ ಆರಿಸಲು ಹೇಳಿ. ಚಳಿಗಾಲದ ರಾತ್ರಿ ಕೃತ್ತಿಕೆ, ರೋಹಿಣಿ, ಮಹಾವ್ಯಾಧ ಸ್ಪಷ್ಟವಾಗಿ ಕಾಣುತ್ತವೆ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಫೋನ್ ತೆಗೆಯಬೇಡಿ.

ಬೆಳಿಗ್ಗೆ ಬೇಗ ಏಳಿ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲರ ಮೇಲೆ, ಹಾಗಾಗಿ ಕಷ್ಟವೇನಿಲ್ಲ. ಗಾಳಿ ಏಳುವ ಮುಂಚೆ ಮರಳಿನ ಮೇಲೆ ರಾತ್ರಿಯ ಓಡಾಟವೆಲ್ಲ ಬರೆದಿಟ್ಟ ಹಾಗಿರುತ್ತದೆ. ಎರಡು ಸಾಲು ಸಣ್ಣ ಚುಕ್ಕಿ ಇದ್ದರೆ ಜೀರುಂಡೆ. ಎರಡು ಸಾಲಿನ ನಡುವೆ ಗೆರೆ ಎಳೆದಿದ್ದರೆ ಹಲ್ಲಿ, ಅದು ಬಾಲದ ಗೆರೆ. ಜಿಗಿದು ಜಿಗಿದು ಹೋದದ್ದು ಮರಳಿಲಿ. ಒಂದರ ಪಕ್ಕ ಒಂದು ಓರೆ ಗೆರೆಗಳಿದ್ದರೆ ಗರಗಸ ಮಂಡಲ ಪಕ್ಕಕ್ಕೆ ಹರಿದು ಹೋಗಿದೆ. ಮಕ್ಕಳಿದ್ದರೆ ಒಂದು ಗಂಟೆ ಇಲ್ಲೇ ಕಳೆದುಹೋಗುತ್ತದೆ. ಹೊರಡುವಾಗ ನಿಮ್ಮ ಕಸ ನೀವೇ ಪಟ್ಟಣಕ್ಕೆ ತನ್ನಿ. ಮರಳಲ್ಲಿ ಹೂತ ಪ್ಲಾಸ್ಟಿಕ್ ನಾಳೆ ಗಾಳಿಗೆ ಮೇಲೆ ಬರುತ್ತದೆ, ಹಸು ತಿನ್ನುತ್ತದೆ.

9. ಇನ್ನೊಂದು ದಿನ ಇದ್ದರೆ

ಪಟ್ಟಣದಿಂದ 18 ಕಿ.ಮೀ. ದೂರದಲ್ಲಿ ಕುಲಧರಾ ಎಂಬ ಪಾಳುಬಿದ್ದ ಊರಿದೆ. ಗೈಡುಗಳು ದೆವ್ವದ ಕಥೆ ಹೇಳುತ್ತಾರೆ. ನೀವು ಅಲ್ಲಿದ್ದ ಪಾಲಿವಾಲ ಬ್ರಾಹ್ಮಣರ ನೀರಿನ ಬುದ್ಧಿ ನೋಡಿ ಬನ್ನಿ. ಇಳಿಜಾರಿನ ಕೆಳಗೆ ಉದ್ದಕ್ಕೆ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸುತ್ತಿದ್ದರು. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಿದ್ದರು. ಇದಕ್ಕೆ ಖಡೀನ್ ಎನ್ನುತ್ತಾರೆ. ಇವತ್ತಿಗೂ ಎಷ್ಟೋ ಖಡೀನ್‌ಗಳಲ್ಲಿ ಬೆಳೆ ತೆಗೆಯುತ್ತಾರೆ. ಜನವರಿಯಲ್ಲಿ ಹೋದರೆ ಕಲ್ಲುಬಯಲಿನ ನಡುವೆ ಹಸಿರು ಗೋಧಿ ಕಾಣುತ್ತದೆ. ಮರಳುಗಾಡಿನಲ್ಲಿ ನೋಡಲೇಬೇಕಾದ ಒಂದೇ ಒಂದು ವಸ್ತು ಹೇಳಿ ಎಂದರೆ ನಾನು ಹೇಳುವುದು ಇದನ್ನೇ.

ಹಕ್ಕಿ ಇಷ್ಟ ಇದ್ದವರಿಗೆ ಮರು ರಾಷ್ಟ್ರೀಯ ಉದ್ಯಾನ, 3,162 ಚದರ ಕಿ.ಮೀ. ಅರಣ್ಯ ಇಲಾಖೆಯ ಅನುಮತಿ ಪಡೆದು ಸುದಾಸರಿ ಕಡೆ ಹೋಗಬೇಕು. ಅಳಿವಿನ ಅಂಚಿನಲ್ಲಿರುವ ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿದೆ. ನಮ್ಮ ಬಳ್ಳಾರಿಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಕೆಲವೇ ಕೆಲವು ಉಳಿದಿರುವ ಎರೆಭೂತ ಇದೇ ಹಕ್ಕಿ. ಭಾರದ ಮೈ, ಪಕ್ಕಕ್ಕಿರುವ ಕಣ್ಣು. ಎದುರಿನ ವಿದ್ಯುತ್ ತಂತಿ ಕಾಣದೆ ಬಡಿದು ಸಾಯುತ್ತವೆ. ಕಂಡರೆ ದೂರದಿಂದ ನೋಡಿ, ಗಾಡಿ ಇಳಿದು ಬೆನ್ನಟ್ಟಬೇಡಿ.

ಗಡಿ ಕಡೆ ತನೋಟ್ ಮಾತೆ ಗುಡಿಗೆ ಸುಮಾರು 120 ಕಿ.ಮೀ. 1965ರ ಯುದ್ಧದಲ್ಲಿ ಸುತ್ತ ಬಿದ್ದರೂ ಸಿಡಿಯದ ಗುಂಡುಗಳನ್ನು ಗುಡಿಯಲ್ಲೇ ಇಟ್ಟಿದ್ದಾರೆ, ಪೂಜೆ ನೋಡಿಕೊಳ್ಳುವವರು ಬಿಎಸ್‌ಎಫ್ ಯೋಧರು. 1971ರ ಡಿಸೆಂಬರ್‌ನಲ್ಲಿ ಕಾಳಗ ನಡೆದ ಲೊಂಗೇವಾಲಾ ಕೂಡ ಅದೇ ಸುತ್ತಿನಲ್ಲಿದೆ. ಪೆಟ್ರೋಲ್ ತುಂಬಿಸಿಕೊಂಡು, ಊಟ ನೀರು ಇಟ್ಟುಕೊಂಡು, ಗುರುತಿನ ಚೀಟಿ ಜೇಬಲ್ಲಿಟ್ಟು ಬೆಳಿಗ್ಗೆಯೇ ಹೊರಡಿ. ಬಹಳ ಕಡೆ ಫೋನ್ ಸಿಗ್ನಲ್ ಇಲ್ಲ. ಡ್ರೋನ್ ಒಯ್ಯಬೇಡಿ. ವಿದೇಶಿ ಪಾಸ್‌ಪೋರ್ಟ್ ಇರುವ ನಮ್ಮ ಅನಿವಾಸಿ ಕನ್ನಡಿಗರು ಗಡಿ ಪ್ರದೇಶಕ್ಕೆ ಅನುಮತಿ ಬೇಕೇ ಎಂದು ಜಿಲ್ಲಾಡಳಿತದಲ್ಲಿ ಮೊದಲೇ ವಿಚಾರಿಸಿ. ಕತ್ತಲಾಗುವ ಮುಂಚೆ ವಾಪಸ್ ಬನ್ನಿ, ರಾತ್ರಿ ರಸ್ತೆ ಮೇಲೆ ಒಂಟೆ, ಹಸು ಮಲಗಿರುತ್ತವೆ.

10. ಹೊರಡುವ ಮುಂಚೆ

ಸಜ್ಜೆ ರೊಟ್ಟಿ, ಕಢಿ, ಗಟ್ಟೆ, ದಾಲ್ ಬಾಟಿ ಎಲ್ಲ ಅಲ್ಲೇ ತಿನ್ನಿ. ಮನೆಗೆ ತರಬೇಕಾದದ್ದು ಒಣಗಿಸಿದ ಕೇರ್ ಮತ್ತು ಸಾಂಗ್ರಿ. ಸಾಂಗ್ರಿ ಅಂದರೆ ಬನ್ನಿ ಮರದ ಎಳೆ ಕಾಯಿ. ಕೇರ್ ಮೆಣಸಿನ ಕಾಳಿಗಿಂತ ಸ್ವಲ್ಪ ದಪ್ಪಗಿನ ಕಾಡು ಕಾಯಿ. ಜೋಧಪುರದ ಹಳೇ ಮಾರುಕಟ್ಟೆಯಲ್ಲಿ ಎರಡೂ ಸಿಗುತ್ತವೆ. ಸಾಂಗ್ರಿ ತೆಳ್ಳಗೆ, ಕಂದು ಬಣ್ಣಕ್ಕಿದ್ದರೆ ಒಳ್ಳೆಯದು. ಬೀಜ ಉಬ್ಬಿದ್ದರೆ ಬಲಿತದ್ದು, ಬೇಡ.

ಮಾಡುವುದು ಸುಲಭ. ಕೇರ್ ತೊಳೆದು ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕಿ, ಇಲ್ಲದಿದ್ದರೆ ಕಹಿ ಹೋಗುವುದಿಲ್ಲ. ಸಾಂಗ್ರಿಯನ್ನು ಬೇರೆ ನೀರಲ್ಲಿ ನೆನೆಸಿ. ಬೆಳಿಗ್ಗೆ ಎರಡನ್ನೂ ಚೆನ್ನಾಗಿ ತೊಳೆದು ಮೆತ್ತಗೆ ಬೇಯಿಸಿ ನೀರು ಬಸಿಯಿರಿ. ಎಣ್ಣೆ ಧಾರಾಳವಾಗಿ ಹಾಕಿ ಜೀರಿಗೆ, ಓಮ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಅರಿಸಿನ, ಧನಿಯಾ ಪುಡಿ, ಖಾರದ ಪುಡಿ, ಉಪ್ಪು, ಕೊನೆಗೆ ಆಮ್‌ಚೂರ್ ಹಾಕಿ ಹದವಾಗಿ ಬಾಡಿಸಿ. ಬೇಕಿದ್ದರೆ ನಾಲ್ಕು ಒಣದ್ರಾಕ್ಷಿ. ನೀರು ಹಾಕದೆ ಮಾಡಿದರೆ ಎರಡು ಮೂರು ದಿನ ಕೆಡುವುದಿಲ್ಲ, ವಾಪಸ್ ಬರುವ ರೈಲಿಗೆ ಅಲ್ಲಿನ ಜನ ಕಟ್ಟಿಕೊಳ್ಳುವ ಬುತ್ತಿಯೂ ಇದೇ.